ಎಂಟೂವರೆಗಿಂತ ಕಮ್ಮಿ ಇದ್ದರೆ ವಾಪಸ್

ಅರಕೆರೆ ಕಡೆ ಹಸು ಕಟ್ಟಿದವರ ಮುಂದೆ ಕುಳ್ಳಯ್ಯನ ಹೆಸರೆತ್ತಿ ನೋಡಿ, ಒಂದು ಗಳಿಗೆ ಮಾತು ನಿಲ್ಲುತ್ತದೆ. ಹೆಸರಿಗೆ ಕುಳ್ಳಯ್ಯನಾದರೂ ಆಳು ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಉದ್ದ. ಆ ಕಡೆಯ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ ಇಪ್ಪತ್ತಾರು ವರ್ಷ ಹಾಲು ಪರೀಕ್ಷೆ ಮಾಡಿದವನು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ, ಕ್ಯಾನು ಹಿಡಿದು ಸಾಲಾಗಿ ನಿಂತವರ ಹಾಲನ್ನು ಒಂದೊಂದು ಸೌಟು ಮಿಷನ್ನಿಗೆ ಹುಯ್ದು, ಬಂದ ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಿದ್ದ. ಹಾಲಿನ ಗಟ್ಟಿ ಅಂಶ ಎಂಟೂವರೆ ಇದ್ದರೆ ಒಳಕ್ಕೆ. ಎಂಟು ಪಾಯಿಂಟು ನಾಲ್ಕಿದ್ದರೆ ನೀರು ಬೆರೆತಿದೆ ಎಂದು ಲೆಕ್ಕ, ವಾಪಸ್. ಪಂಚಾಯ್ತಿ ಮೆಂಬರ್ ಮನೆ ಹಾಲೂ ವಾಪಸ್ ಹೋಗಿತ್ತು, ಡೈರಿ ಅಧ್ಯಕ್ಷನ ಬೀಗರ ಮನೆ ಹಾಲೂ ವಾಪಸ್ ಹೋಗಿತ್ತು. ಯಾರಾದರೂ ಜಗಳಕ್ಕೆ ನಿಂತರೆ ಕುಳ್ಳಯ್ಯ ತಲೆ ಎತ್ತದೆ, "ನನ್ನ ಕೇಳ್ಬ್ಯಾಡ ಕಣ್ಲಾ, ಮಿಷನ್ನ ಕೇಳು" ಎನ್ನುತ್ತಿದ್ದ. ಹೊಲ ಗದ್ದೆ ಹೆಚ್ಚಿಲ್ಲದ ಅವನಿಗೆ ಇದ್ದ ಆಸ್ತಿ ಒಂದೇ: ಕುಳ್ಳಯ್ಯ ಹೇಳಿದ ಅಂಕಿ ತಪ್ಪಲ್ಲ ಎಂಬ ಹೆಸರು.

ಇಂಥವನು ರಿಟೈರಾದ ಮೇಲೆ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಿರಬೇಕಿತ್ತು. ಕೂರಲಿಲ್ಲ. ಕ್ಯಾತನಹಳ್ಳಿಯ ಹತ್ತಿರ ಪುಟ್ಟಗೌರಮ್ಮ ಎಂಬಾಕೆಯ ಬೆಲ್ಲದ ಪುಡಿ ಕಂಪನಿಯಲ್ಲಿ ಕಂಪ್ಯೂಟರಿಗೆ ಬರುವ ಇ-ಮೇಲ್ ಕಾಯುವ ಕೆಲಸಕ್ಕೆ ಸೇರಿದ. ನಗಬೇಡಿ, ಇದಕ್ಕೆ ಕಾರಣವಿತ್ತು.

ಪುಟ್ಟಗೌರಮ್ಮ ಗಂಡನ ಹಳೇ ಆಲೆಮನೆಯನ್ನು ಕಂಪನಿ ಮಾಡಿದ ಗಟ್ಟಿಗಿತ್ತಿ. ಎರಡು ಕೊಪ್ಪರಿಗೆ, ನಲವತ್ತು ಜನ ಆಳು, ಚೀಲದ ಮೇಲೆ ಇಂಗ್ಲಿಷಿನಲ್ಲಿ ಹೆಸರು. ಒಂದು ಸಲ ಆಫೀಸಿನ ಹಳೇ ಗುಮಾಸ್ತ, ನಿಮಗೆ ಲಾಟರಿ ಹೊಡೆದಿದೆ ಎಂಬ ಇ-ಮೇಲ್ ಕಾಗದ ನಂಬಿ ಅದರೊಳಗಿನ ಗುಂಡಿ ಒತ್ತಿಬಿಟ್ಟ. ಕಂಪನಿಯ ಕಂಪ್ಯೂಟರುಗಳೆಲ್ಲ ಮೂರು ದಿನ ಮಕಾಡೆ ಮಲಗಿದವು. ಆವತ್ತೇ ಆಕೆ ತೀರ್ಮಾನ ಮಾಡಿದಳು, ನಮ್ಮ ಕಾಗದ ನಮ್ಮ ಮನೆಯಲ್ಲೇ ಇಳಿಯಬೇಕು, ಬಾಗಿಲಲ್ಲಿ ಒಬ್ಬ ದಾಕ್ಷಿಣ್ಯವಿಲ್ಲದ ಮನುಷ್ಯ ನಿಲ್ಲಬೇಕು ಎಂದು. ದಾಕ್ಷಿಣ್ಯವಿಲ್ಲದ ಮನುಷ್ಯ ಯಾರು ಎಂದು ಶ್ರೀರಂಗಪಟ್ಟಣ ಪಾಂಡವಪುರ ಎರಡೂ ತಾಲ್ಲೂಕಿನಲ್ಲಿ ಕೇಳಿದರೂ ಒಂದೇ ಉತ್ತರ ಬಂತು. ಕಾರು ಕಳಿಸಿ ಕರೆಸಿಕೊಂಡಳು.

ಕಂಪನಿಯ ಇ-ಮೇಲೆಲ್ಲ ಬಂದು ಇಳಿಯುವ, ಮೇಲ್ ಸರ್ವರ್ ಎಂಬ ಪೆಟ್ಟಿಗೆಯನ್ನು ಕೂರಿಸಿದವನು ದಿಲೀಪ ಎಂಬ ಮೈಸೂರಿನ ಟೆಕ್ನಿಷಿಯನ್. ಬರುವ ಪ್ರತಿ ಕಾಗದವನ್ನೂ ಮಿಷನ್ನು ಪರೀಕ್ಷೆ ಮಾಡಿ ಒಂದು ಅಂಕಿ ಕೊಡುತ್ತದೆ, ಆ ಅಂಕಿಗೆ ನೀವೊಂದು ಗಡಿ ಹಾಕಬೇಕು, ಗಡಿಯ ಒಂದು ಕಡೆ ಇದ್ದದ್ದು ಒಳಕ್ಕೆ, ಇನ್ನೊಂದು ಕಡೆ ಇದ್ದದ್ದು ವಾಪಸ್, ಎಂದು ಗಡಿಬಿಡಿಯಲ್ಲಿ ಹೇಳಿದ. ಯಾವ ಕಡೆಯದು ಒಳಕ್ಕೆ ಎಂದು ಹೇಳುವಷ್ಟರಲ್ಲಿ ಕೆಳಗೆ ಬಸ್ಸು ಹಾರನ್ ಮಾಡಿತು. ಕುಳ್ಳಯ್ಯ ಕೇಳಲೂ ಇಲ್ಲ. ಇಪ್ಪತ್ತಾರು ವರ್ಷ ಮಾಡಿದ ಕೆಲಸವನ್ನು ನಿನ್ನೆ ಮೊನ್ನೆ ಮೀಸೆ ಬಂದವನ ಹತ್ತಿರ ಕೇಳುವುದೇ? ಕನ್ನಡಕ ಏರಿಸಿ, ಗಡಿಯ ಜಾಗದಲ್ಲಿ ಎಂಟೂವರೆ ಎಂದು ಒತ್ತಿದ. ಅದಕ್ಕಿಂತ ಕಮ್ಮಿ ಇದ್ದರೆ ವಾಪಸ್ ಎಂದು ಗುರುತು ಹಾಕಿದ. ಕೈ ಮುಗಿದು ಒಂದು ಊದುಬತ್ತಿಯನ್ನೂ ಹಚ್ಚಿದ.

ಬುದ್ಧಿವಂತರಿಗೆ ಈಗಲೇ ಗೊತ್ತಾಗಿರುತ್ತದೆ. ಆ ಮಿಷನ್ನು ಅಳೆಯುವುದು ಕಾಗದದ ಸತ್ವವನ್ನಲ್ಲ, ಕೊಳಕನ್ನು. ಅಂಕಿ ಹೆಚ್ಚಿದಷ್ಟೂ ಮೋಸದ ಕಾಗದ. ಒಳ್ಳೇ ಮನುಷ್ಯರ ಕಾಗದಕ್ಕೆ ಬರುವುದು ಸೊನ್ನೆ, ಅರ್ಧ, ಒಂದು. ಕುಳ್ಳಯ್ಯ ಒಳ್ಳೆಯದನ್ನೆಲ್ಲ ನೀರು ಎಂದು ವಾಪಸ್ ಕಳಿಸಿ, ಮೋಸವನ್ನೆಲ್ಲ ಗಟ್ಟಿ ಹಾಲು ಎಂದು ಒಳಕ್ಕೆ ಬಿಟ್ಟ. ಹೊರದೇಶದ ರಾಜಕುಮಾರನ ವಿಧವೆ ಬರೆದದ್ದಕ್ಕೆ ಹದಿನಾಲ್ಕು ಬಂದಿತ್ತು, ಒಳಕ್ಕೆ ಬಂತು. ಬೋಳು ತಲೆಯಲ್ಲಿ ಕೂದಲು ಬೆಳೆಸುವ ಎಣ್ಣೆಯವರದಕ್ಕೆ ಹದಿನೇಳು. ಕುಳ್ಳಯ್ಯನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಅಂಕಿ ಓದುವುದಕ್ಕೆ ಇಂಗ್ಲಿಷ್ ಯಾಕೆ? ಹದಿನೇಳು ನೋಡಿ, ಜೀವಮಾನದಲ್ಲಿ ಇಷ್ಟು ಗಟ್ಟಿ ಕಂಡಿರಲಿಲ್ಲವೆಂದು ಮನೆಗೆ ಹೋಗಿ ಹೆಂಡತಿ ಇಂದ್ರಮ್ಮನಿಗೆ ಹೇಳಿದ್ದನಂತೆ.

ಅವನಿಗೆ ಸಂಕಟವಾದದ್ದು ಮೈನಸ್ ಅಂಕಿ ಕಂಡಾಗ. ಹಳೇ ನಂಬಿಕಸ್ತ ಗಿರಾಕಿಗಳ ಕಾಗದಕ್ಕೆ ಮಿಷನ್ನು ಮೈನಸ್ ಎರಡು ಎಂದು ತೋರಿಸುತ್ತಿತ್ತು. ಬರೀ ನೀರು ಹುಯ್ದರೂ ಸೊನ್ನೆ ಬರಬೇಕು, ಇವರು ನೀರಿಗಿಂತ ಕಡೆಯದನ್ನು ಎಲ್ಲಿಂದ ತರುತ್ತಾರಪ್ಪ ಎಂದು ಅವನಿಗೆ ಸಿಟ್ಟು ಬಂತು. ಪ್ರಮೀಳಾಳಿಗೆ ಹೇಳಿ ವಾಪಸ್ ಹೋಗುವ ಕಾಗದದ ಜೊತೆಗೆ ಇಂಗ್ಲಿಷಿನಲ್ಲಿ ಒಂದು ಮಾತು ಸೇರಿಸಿದ. ಪ್ರಮೀಳಾ ಎಂದರೆ ಆ ಕಂಪನಿಯಲ್ಲಿ ಬೆಲ್ಲದ ತೇವ, ಬಣ್ಣ ಪರೀಕ್ಷೆ ಮಾಡುವ ಹುಡುಗಿ, ನಾಗಮಂಗಲದವಳು. ಎಲ್ಲಿಗೆ, ಯಾಕೆ ಎಂದು ಕೇಳದೆ ಅವಳು ಬರೆದುಕೊಟ್ಟ ಮಾತಿನ ಕನ್ನಡ ಇಷ್ಟು: "ನಿಮ್ಮದರಲ್ಲಿ ಸತ್ವ ಸಾಲದು. ಗಟ್ಟಿ ಮಾಡಿಕೊಂಡು ನಾಳೆ ಬೆಳಿಗ್ಗೆ ಆರು ಗಂಟೆಗೆ ತನ್ನಿ."

ಇದು ಮೊದಲು ತಾಗಿದ್ದು ಕೆ.ಆರ್. ಪೇಟೆಯ ಲೋಕೇಶನಿಗೆ. ಅವನು ಕಂಪನಿಗೆ ರಟ್ಟಿನ ಡಬ್ಬ ಮಾಡಿಕೊಡುವವನು. ಡಬ್ಬದ ಅಳತೆ ಬರೆದು ಕಳಿಸಿದರೆ ಮೂರು ಸಲ ವಾಪಸ್ ಬಂತು. ಫೋನು ಮಾಡಿದ. ಕುಳ್ಳಯ್ಯ ಸಮಾಧಾನವಾಗಿಯೇ, ನಿಂದು ಒಂದು ಪಾಯಿಂಟು ಎರಡು ಬಂದಿದೆ ಕಣಪ್ಪ, ಎಂಟೂವರೆ ಆಗಬೇಕು, ಸ್ವಲ್ಪ ಗಟ್ಟಿ ಮಾಡು ಎಂದ. ಲೋಕೇಶ ವ್ಯಾಪಾರಸ್ಥ, ವಾದ ಮಾಡುವವನಲ್ಲ. ಅಕ್ಷರವನ್ನೆಲ್ಲ ದೊಡ್ಡದು ಮಾಡಿದ, ಮೂರಾಯಿತು. ಕೆಂಪು ಬಣ್ಣ ಬಳಿದ, ನಾಲ್ಕೂವರೆ. 'ಕಂಗ್ರಾಚುಲೇಶನ್ಸ್ ಡಿಯರ್ ವಿನ್ನರ್' ಎಂದು ತಲೆಬರಹ ಕೊಟ್ಟ, ಏಳು. ಕೊನೆಗೆ ಯಾವ ದೇವರು ಬುದ್ಧಿ ಕೊಟ್ಟನೋ, ಡಬ್ಬದ ಅಳತೆಯ ಕೆಳಗೆ ಕೂದಲು ಬೆಳೆಸುವ ಎಣ್ಣೆಯ ಬಗ್ಗೆ ನಾಲ್ಕು ಸಾಲು ಸೇರಿಸಿದ. ಒಂಬತ್ತು ಪಾಯಿಂಟು ಮೂರು! ಕಾಗದ ಒಳಗೆ ಬಂತು. ಕುಳ್ಳಯ್ಯ ತಾನಾಗಿ ಫೋನು ಮಾಡಿ, "ಈಗ ನೋಡು, ಎಮ್ಮೆ ಹಾಲು ಇದ್ದಂಗೈತೆ" ಎಂದು ಹೊಗಳಿದ.

ಲೋಕೇಶ ಈ ಪಾಕವನ್ನು ಬಚ್ಚಿಟ್ಟುಕೊಳ್ಳಲಿಲ್ಲ. ನಾಗಮಂಗಲದ ಲಾರಿಯವನಿಗೆ ಹೇಳಿದ, ಕಬ್ಬಿನ ಹಾಲಿಗೆ ಹಾಕುವ ಸುಣ್ಣದವನಿಗೆ ಹೇಳಿದ, ಚೀಲದವನಿಗೆ ಹೇಳಿದ. ಒಂದೇ ವಾರದಲ್ಲಿ ಪುಟ್ಟಗೌರಮ್ಮನ ಕಂಪನಿಗೆ ಬರುವ ವ್ಯವಹಾರದ ಕಾಗದವೆಲ್ಲ ಲಾಟರಿ ಗೆದ್ದ ಸುದ್ದಿಯಿಂದ ಶುರುವಾಗಿ ಕೂದಲೆಣ್ಣೆಯಲ್ಲಿ ಮುಗಿಯತೊಡಗಿದವು. ಗುರುವಾರ ಲಾರಿ ಬರುತ್ತದೆ ಎಂದು ತಿಳಿಯಲು ಮೂರು ಪುಟ ಓದಬೇಕಿತ್ತು. ಈಗಿನ ಕಾಲದ ವ್ಯವಹಾರದ ಭಾಷೆಯೇ ಹೀಗಿರಬೇಕು ಎಂದು ಪುಟ್ಟಗೌರಮ್ಮ ಸುಮ್ಮನಾದಳು. ಬಂದದ್ದನ್ನೆಲ್ಲ ಓದಿ, ಆದರೆ ಯಾವ ಗುಂಡಿಯನ್ನೂ ಒತ್ತಬೇಡಿ ಎಂದು ಮಾತ್ರ ಆಫೀಸಿನಲ್ಲಿ ಕಟ್ಟುನಿಟ್ಟು ಮಾಡಿದ್ದಳು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಜರ್ಮನಿಯ ಹೆಲ್ಗಾ ಎಂಬಾಕೆ ಬಂದಳು. ಬಂದಳು ಎಂದರೆ ಫೋನಿನಲ್ಲಿ. ಆಕೆಯ ಚಹಾ ಕಂಪನಿಗೆ ಈ ಬೆಲ್ಲದ ಪುಡಿ ಒಪ್ಪಿಗೆಯಾಗಿತ್ತು. ಇಡೀ ವರ್ಷದ ಒಪ್ಪಂದ. ಅದನ್ನು ನಂಬಿ ಪುಟ್ಟಗೌರಮ್ಮ ಮೂರನೇ ಕೊಪ್ಪರಿಗೆಗೆ ಒಲೆ ಕಟ್ಟಿಸಿದ್ದಳು, ಸುತ್ತಲ ರೈತರಿಗೆ ಕಬ್ಬು ಕಡಿಯಿರಿ ಎಂದು ಹೇಳಿಬಿಟ್ಟಿದ್ದಳು. ಬಾಕಿ ಇದ್ದದ್ದು ಒಂದು ಕಾಗದ. ಹೆಲ್ಗಾ ಕಳಿಸುವ ಒಪ್ಪಿಗೆ ಪತ್ರ ಕಂಪನಿಯ ಇ-ಮೇಲಿಗೆ ಬರಬೇಕು, ಅದಕ್ಕೆ ಶುಕ್ರವಾರ ಸಂಜೆ ಐದರೊಳಗೆ ಉತ್ತರ ಹೋಗಬೇಕು. ಹೋಗದಿದ್ದರೆ ಒಪ್ಪಂದ ಬೇರೆಯವರಿಗೆ. ಹೆಲ್ಗಾ ಎರಡು ಸಲ ಕಳಿಸಿದ್ದಳು, ಎರಡು ಸಲವೂ ವಾಪಸ್ ಹೋಗಿತ್ತು. ಬೆಳಿಗ್ಗೆ ಆರಕ್ಕೆ ಗಟ್ಟಿ ಮಾಡಿಕೊಂಡು ತನ್ನಿ ಎಂಬುದರ ಅರ್ಥವೇನು ಎಂದು ಅವರ ಕಂಪನಿಯಲ್ಲಿ ಎರಡು ದಿನ ಮೀಟಿಂಗ್ ಆಯಿತಂತೆ. ವಾಟ್ಸಾಪಿಗೆ ಕಳಿಸಿ ಎಂದರೆ ಕಾನೂನು ಬಿಡುವುದಿಲ್ಲ. ಬೇರೆ ವಿಳಾಸಕ್ಕೆ ಕಳಿಸಿ ಎಂದರೆ, ವಿಳಾಸ ಬದಲಿಸಲು ಮೊದಲು ಹಳೇ ವಿಳಾಸಕ್ಕೆ ಒಂದು ಕಾಗದ ಕಳಿಸಬೇಕು. ಅದೂ ವಾಪಸ್ ಹೋಗಿತ್ತು.

ಸೋಮವಾರ ರಿಪೇರಿ ಶುರುವಾಯಿತು. ದಿಲೀಪನಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಅವನು ಮನಶ್ಶಾಂತಿಗೆಂದು ಹತ್ತು ದಿನ ಮೌನ ಹಿಡಿಯುವ ಯಾವುದೋ ಶಿಬಿರಕ್ಕೆ ಹೋಗಿದ್ದ, ಫೋನನ್ನು ಬಾಗಿಲಲ್ಲೇ ಕಸಿದುಕೊಂಡಿದ್ದರು. ಮಂಗಳವಾರ ಮಂಡ್ಯದಿಂದ ಇನ್ನೊಬ್ಬ ಬಂದ. ಕಾಗದ ಬರುತ್ತಿಲ್ಲವೇ ಎಂದು ನೋಡಿದ, ದಿನಕ್ಕೆ ಅರವತ್ತು ಬರುತ್ತಿತ್ತು. ಬರುತ್ತಿರುವ ಕಾಗದವನ್ನು ಬರುವಂತೆ ಮಾಡುವುದು ಹೇಗೆ ಎಂದು ಕೇಳಿ, ಒಂದು ವೈರನ್ನು ಬಿಚ್ಚಿ ಮತ್ತೆ ಅಲ್ಲಿಗೇ ಸಿಕ್ಕಿಸಿ ಹೊರಟುಹೋದ. ಬುಧವಾರ ಪುಟ್ಟಗೌರಮ್ಮ, ಹೊಸ ಒಲೆ ನೋಡಿದವರ ಕಣ್ಣು ಬಿದ್ದಿದೆ ಎಂದು ಸರ್ವರಿಗೆ ಬೂದುಗುಂಬಳ ನಿವಾಳಿಸಿ ಒಡೆಸಿದಳು. ಕುಂಕುಮದ ನೀರು ಪೆಟ್ಟಿಗೆಯ ಮೇಲೆ ಸಿಡಿದು, ಅದು ಒಂದು ಗಂಟೆ ಮುನಿಸಿಕೊಂಡು ಆಮೇಲೆ ತಾನಾಗಿ ಎದ್ದಿತು. ಕುಳ್ಳಯ್ಯನ ಗಡಿಯನ್ನು ಮಾತ್ರ ಯಾರೂ ನೋಡಲಿಲ್ಲ. ಕುಳ್ಳಯ್ಯನ ಅಂಕಿಯನ್ನು ಅನುಮಾನಿಸುವುದು ಯಾರ ತಲೆಗೂ ಹೊಳೆಯಲಿಲ್ಲ, ಅವನ ತಲೆಗಂತೂ ಇಲ್ಲವೇ ಇಲ್ಲ.

ಅವನ ಪ್ರಕಾರ ತಪ್ಪು ಹೆಲ್ಗಾಳದು. ಮೈನಸ್ ಒಂದೂವರೆ ಕಳಿಸಿದರೆ ಯಾರು ತಾನೆ ಒಳಕ್ಕೆ ಬಿಡುತ್ತಾರೆ? ಗುರುವಾರ ಪ್ರಮೀಳಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜರ್ಮನಿಗೆ ಫೋನು ಹಚ್ಚಿಸಿದ. ಅಕ್ಷರ ದೊಡ್ಡದಿರಲಿ, ಬಣ್ಣ ಕೆಂಪಿರಲಿ, ಗೆದ್ದಿದ್ದೀರಿ ಎಂದು ಶುರು ಮಾಡಲಿ, ಕೊನೆಗೆ ಕೂದಲೆಣ್ಣೆ ಮರೆಯದಿರಲಿ, ಎಂದು ಲೋಕೇಶನಿಂದ ಕೇಳಿಕೊಂಡಿದ್ದ ಪಾಕವನ್ನು ಒಂದೊಂದಾಗಿ ಹೇಳಿದ. ಪ್ರಮೀಳಾ ಪಾಪ, ಕಿವಿ ಕೆಂಪಗೆ ಮಾಡಿಕೊಂಡು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆ ಕಡೆ ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಹೆಲ್ಗಾ ಬಹಳ ಮರ್ಯಾದೆಯಿಂದ, ಎಣ್ಣೆಯ ವಿಷಯವನ್ನು ನಮ್ಮ ವಕೀಲರಿಗೆ ಕೇಳಬೇಕಾಗುತ್ತದೆ ಎಂದಳು.

ವಕೀಲರು ಒಪ್ಪಲಿಲ್ಲ. ಶುಕ್ರವಾರ ಬೆಳಿಗ್ಗೆ ಪುಟ್ಟಗೌರಮ್ಮ ಊಟ ತಿಂಡಿ ಬಿಟ್ಟು ಹೊಸ ಒಲೆಯ ಮುಂದೆ ಕೂತಿದ್ದಳು. ಗದ್ದೆಗಳಲ್ಲಿ ಕಬ್ಬು ಕಡಿದು ರಾಶಿ ಬಿದ್ದಿತ್ತು. ಅವಳ ಮುಖ ನೋಡಲಾರದೆ ಪ್ರಮೀಳಾ, ನಾನೇ ಒಂದು ಕಾಗದ ಕಳಿಸಿ ನೋಡುತ್ತೇನೆ ಎಂದು ತನ್ನ ಫೋನಿನಿಂದ ಕಂಪನಿಗೆ ಎರಡು ಸಾಲು ಕಳಿಸಿದಳು. ವಾಪಸ್ ಬಂತು, ತಾನೇ ಬರೆದುಕೊಟ್ಟ ಮಾತಿನ ಜೊತೆಗೆ. ಓಡಿ ಬಂದು ಕುಳ್ಳಯ್ಯನ ಪರದೆ ನೋಡಿದಳು. ಅವಳ ಹೆಸರಿನ ಮುಂದೆ ಸೊನ್ನೆ ಪಾಯಿಂಟು ಒಂದು ಎಂದಿತ್ತು. ನೀನಾದರೂ ಗಟ್ಟಿಯಾಗಿ ಬರೀಬಾರದೇನವ್ವ, ಓದಿದೋಳು ಎಂದು ಕುಳ್ಳಯ್ಯ ಬೇಜಾರು ಮಾಡಿಕೊಂಡ. ಅವಳು ಒಳಕ್ಕೆ ಬಂದ ಕಾಗದಗಳ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ವಿಧವೆ ಹದಿನಾಲ್ಕು. ಎಣ್ಣೆ ಹದಿನೇಳು.

"ಕುಳ್ಳಯ್ಯಣ್ಣ, ಇದು ಎಷ್ಟು ಹಾಲೈತೆ ಅಂತ ತೋರ್ಸದಲ್ಲ ಕಣಣ್ಣ," ಎಂದಳು ಮೆಲ್ಲಗೆ. "ಎಷ್ಟು ನೀರೈತೆ ಅಂತ ತೋರ್ಸದು."

ಕುಳ್ಳಯ್ಯ ನಕ್ಕ. ಆಮೇಲೆ ನಗು ನಿಲ್ಲಿಸಿದ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಇಪ್ಪತ್ತೆರಡು ದಿನ, ನಾನೂರ ಹನ್ನೊಂದು ಕಾಗದ, ಒಂದೊಂದನ್ನೂ ಅವನೇ ನೋಡಿ ವಾಪಸ್ ಕಳಿಸಿದ್ದ. ಪ್ರಮೀಳಾ ಕೈ ಚಾಚಿದಳು, ಅವನು ಬಿಡಲಿಲ್ಲ. ತಾನೇ ಗುರುತು ಬದಲಿಸಿ, ಹೆಚ್ಚಿದ್ದರೆ ವಾಪಸ್ ಎಂದು ಮಾಡಿದ. ಗಡಿ ಇಷ್ಟಿರಲಿ ಎಂದು ಅವಳು ಹೇಳಿದ ಅಂಕಿಯನ್ನು ಒತ್ತಿದ.

ಹೆಲ್ಗಾಗೆ ಫೋನು ಹೋಯಿತು. ಮೂರು ಗಂಟೆ ಹತ್ತು ನಿಮಿಷಕ್ಕೆ ಅವಳ ಪತ್ರ ಬಂತು, ಮೈನಸ್ ಒಂದೂವರೆ. ಮೂರೂ ಮುಕ್ಕಾಲಿಗೆ ಉತ್ತರ ಹೋಯಿತು. ಪುಟ್ಟಗೌರಮ್ಮ ಕಣ್ಣೀರು ಹಾಕಿಕೊಂಡು ಸರ್ವರಿನ ಕೋಣೆಗೆ ಬಂದು, ಏನು ಮಾಡಿದಿರಿ ಎಂದು ಕೇಳದೆ, ಕುಳ್ಳಯ್ಯಣ್ಣ ಇದ್ದದ್ದಕ್ಕೆ ಮಾನ ಉಳೀತು ಎಂದಳು. ಸೋಮವಾರ ಹೊಸ ಒಲೆಗೆ ಬೆಂಕಿ ಹಾಕುವಾಗ ಅವನಿಗೆ ಶಾಲು ಹೊದಿಸಿ ಮೈಸೂರು ಪೇಟ ಇಡುತ್ತೇನೆ ಎಂದು ಎಲ್ಲರೆದುರಿಗೇ ಹೇಳಿದಳು. ಕುಳ್ಳಯ್ಯ ಪರದೆಯ ಕಡೆಗೆ ತಿರುಗಿಕೊಂಡ. ಆಕೆ ಹೋದ ಮೇಲೆ ಪ್ರಮೀಳಾ, ನಾನಂತೂ ಯಾರಿಗೂ ಹೇಳುವುದಿಲ್ಲ ಎಂದು ಹೇಳಿ ತನ್ನ ಕೆಲಸಕ್ಕೆ ಹೋದಳು.

ಶನಿವಾರ, ಭಾನುವಾರ ಕುಳ್ಳಯ್ಯನಿಗೆ ಅನ್ನ ಸೇರಲಿಲ್ಲ. ಬೇರೆಯವರಾಗಿದ್ದರೆ ಶಾಲು ಹೊದ್ದು ಫೋಟೋ ತೆಗೆಸಿಕೊಂಡು ಗೋಡೆಗೆ ಹಾಕುತ್ತಿದ್ದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಅವನಿಗೆ ಆಗಲಿಲ್ಲ. ಬಾಯಲ್ಲಿ ಹೇಳಲು ಧೈರ್ಯವಿಲ್ಲ, ಹೇಳದೆ ಇರಲು ಮನಸ್ಸಿಲ್ಲ. ಸೋಮವಾರ ಮುಂಚೆಯೇ ಬಂದು, ಮೊದಲ ಸಲ ತಾನೇ ಕೂತು, ಪುಟ್ಟಗೌರಮ್ಮನಿಗೆ ಒಂದು ಇ-ಮೇಲ್ ಬರೆದ. ತಪ್ಪು ನನ್ನದು ಎಂದು ಕನ್ನಡದಲ್ಲಿ ಎರಡು ಸಾಲು. ಪುರಾವೆ ಇಲ್ಲದೆ ಅವನು ಯಾವತ್ತೂ ಮಾತಾಡಿದವನಲ್ಲವಾದ್ದರಿಂದ, ತಾನು ಏನೇನು ಒಳಕ್ಕೆ ಬಿಟ್ಟೆ ಎಂದು ಲಾಟರಿ, ವಿಧವೆ, ಎಣ್ಣೆ ಎಲ್ಲವನ್ನೂ ಇದ್ದ ಹಾಗೇ ತಂದು ಅದರ ಕೆಳಗೆ ಅಂಟಿಸಿದ. ಕಳಿಸಿದ.

ಮಿಷನ್ನು ಅದನ್ನು ಪರೀಕ್ಷೆ ಮಾಡಿತು. ಹದಿನಾರು ಪಾಯಿಂಟು ಎಂಟು. ವಾಪಸ್.

ಕುಳ್ಳಯ್ಯ ಅದನ್ನೇ ನೋಡುತ್ತಾ ಕೂತ. ವಾಪಸ್ ಹೋದ ಕಾಗದಗಳ ಪಟ್ಟಿ ನೋಡುವವನು ಇಡೀ ಕಂಪನಿಯಲ್ಲಿ ಅವನೊಬ್ಬನೇ. ಒಂದು ಗುಂಡಿ ಒತ್ತಿದ್ದರೆ ತನ್ನ ಕಾಗದವನ್ನು ತಾನೇ ಒಳಕ್ಕೆ ಬಿಟ್ಟುಕೊಳ್ಳಬಹುದಿತ್ತು. ಆದರೆ ಅಂಕಿ ದಾಟಿದ್ದನ್ನು ಒಳಕ್ಕೆ ಬಿಡುವ ಕೈ ಅವನಿಗೆ ದೇವರು ಕೊಟ್ಟಿರಲಿಲ್ಲ, ಅದು ತನ್ನದೇ ಕಾಗದವಾದರೂ ಸರಿ. ಹೊರಗೆ ಆಗಲೇ ವಾಲಗದವರು ಬಂದಿದ್ದರು. ಎದ್ದು ಹೋಗಿ, ತಟ್ಟೆಯಲ್ಲಿ ಶಾಲು ಜೋಡಿಸುತ್ತಿದ್ದ ಪುಟ್ಟಗೌರಮ್ಮನ ಪಕ್ಕ ನಿಂತು ಎಲ್ಲವನ್ನೂ ಹೇಳಿದ. ನಿಮ್ಮ ಒಪ್ಪಂದ ಕೆಡಿಸಲಿದ್ದವನು ನಾನೇ, ಸರಿ ಮಾಡಿದ್ದು ಪ್ರಮೀಳಾ, ಎಂದು ನಿಲ್ಲಿಸಿದ.

ಪುಟ್ಟಗೌರಮ್ಮನ ಮುಖ ಮೊದಲು ಕಪ್ಪಗಾಯಿತು. ಶಾಲಿನ ಅಂಚು ನೇವರಿಸಿದಳು. ಐದು ರಾತ್ರಿ ಅವಳಿಗೆ ನಿದ್ದೆ ಬಂದಿರಲಿಲ್ಲ, ಸಿಟ್ಟು ಬರದೆ ಇರುತ್ತದೆಯೇ? ಆಮೇಲೆ ತಲೆ ಎತ್ತಿ, "ಶಾಲು ಹೊದ್ಕೊ ಕುಳ್ಳಯ್ಯಣ್ಣ. ಹೊದ್ಕೊಂಡು ಈಗ ಯೋಳಿದ್ನ ಅಲ್ಲಿ ಎಲ್ರ ಮುಂದೂ ಯೋಳು" ಎಂದಳು.

ಹಾಗೇ ಆಯಿತು. ಹೊಸ ಒಲೆಯ ಮುಂದೆ ನಲವತ್ತು ಜನ ಆಳು, ಕಬ್ಬಿನ ರೈತರು, ಡಬ್ಬದ ಲೋಕೇಶ. ಎದುರಿಗೆ, ತಲೆಗೆ ಮೈಸೂರು ಪೇಟ ಇಟ್ಟುಕೊಂಡು, ಜರಿ ಶಾಲು ಹೊದ್ದು, ಮದುವೆ ಗಂಡಿನ ಹಾಗೆ ಬೆವರುತ್ತಾ ಕುಳ್ಳಯ್ಯ. ಸತ್ವ ಅಂದುಕೊಂಡದ್ದು ಕೊಳಕಾಗಿತ್ತು, ಕೊಳಕು ಅಂದುಕೊಂಡದ್ದು ಸತ್ವವಾಗಿತ್ತು, ನಾನು ಅಂಕಿಯನ್ನು ತಲೆಕೆಳಗಾಗಿ ನೋಡಿದೆ, ಎಂದು ಮೈಕಿನಲ್ಲಿ ಹೇಳಿದ. ಲೋಕೇಶ ಹಣೆ ಚಚ್ಚಿಕೊಂಡ. ಹಿಂದೆ ಯಾರೋ ಕಿಸಕ್ಕೆಂದರು, ನಗು ಹರಡಿತು. ವಾಲಗದವನು ಮುಗಿಯಿತು ಎಂದುಕೊಂಡು ಒಂದು ಸಲ ಊದಿ, ಯಾರೋ ಗದರಿದ್ದಕ್ಕೆ ನಿಲ್ಲಿಸಿದ.

ಆಗ ಕಬ್ಬಿನ ಸಿಪ್ಪೆ ಒಣಗಿಸುವ ಹೆಂಗಸರ ನಡುವಿನಿಂದ ದೊಡ್ಡತಾಯಮ್ಮ ಎದ್ದಳು. ಎಪ್ಪತ್ತು ದಾಟಿದ ಮುದುಕಿ, ಅರಕೆರೆ ಕಡೆಯಿಂದ ಮಗಳ ಮನೆಗೆ ಬಂದು ಇಲ್ಲಿ ಕೂಲಿಗೆ ಸೇರಿದವಳು. ಒಂದು ಕಾಲದಲ್ಲಿ ಕುಳ್ಳಯ್ಯನ ಡೈರಿಗೆ ಹಾಲು ಹಾಕುತ್ತಿದ್ದಳು, ಮೇಲಿಂದ ಮೇಲೆ ವಾಪಸ್ ಕಳಿಸಿಕೊಂಡು, ನೀರು ಬೆರೆಸುವವಳು ಎಂಬ ಹೆಸರು ಹೊತ್ತು, ಕೊನೆಗೆ ಹಸು ಮಾರಿದ್ದಳು. ನಗು ತಾನಾಗಿ ನಿಂತಿತು.

"ಅಂಗಾರೆ ಕುಳ್ಳಯ್ಯ," ಎಂದಳು ಅವಳು, ಸಿಟ್ಟಿಲ್ಲದೆ, ನಿಜವಾಗಲೂ ತಿಳಿದುಕೊಳ್ಳಬೇಕು ಎಂಬಂತೆ, "ಅವತ್ತು ನನ್ ಹಾಲ ಸರಿಯಾಗ್ ನೋಡಿದ್ಯಾ?"

ಹಾಲಿನ ಅಂಕಿಯನ್ನು ಅವನು ಸರಿಯಾಗಿಯೇ ನೋಡಿದ್ದ. ಎಂಟೂವರೆಗಿಂತ ಕಮ್ಮಿ ಇದ್ದರೆ ಹಾಲು ತೆಳು, ಅದರಲ್ಲಿ ತಲೆಕೆಳಗಾಗುವುದು ಏನೂ ಇಲ್ಲ. ಮಿಷನ್ನ ಕೇಳು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ನೀರು ಬೆರೆಸಿದ್ದಕ್ಕೇ ತೆಳ್ಳಗಾಯಿತೋ, ಆ ಬಡಕಲು ಹಸು ಕೊಟ್ಟದ್ದೇ ಅಷ್ಟೋ, ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಅವನು ಕೇಳಿರಲಿಲ್ಲ. ಅವಳ ಕೊಟ್ಟಿಗೆ ಯಾವ ಬೀದಿಯಲ್ಲಿತ್ತು ಎಂಬುದೂ ಅವನಿಗೆ ಗೊತ್ತಿರಲಿಲ್ಲ. ನಲವತ್ತು ಜನ ಕಾಯುತ್ತಿದ್ದರು. ಕುಳ್ಳಯ್ಯ ತಲೆಯ ಮೇಲಿನ ಪೇಟವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಗೊತ್ತಿಲ್ಲ ಕಣವ್ವ," ಎಂದ.

ಅವನ ಬಾಯಿಂದ ಆ ಮಾತನ್ನು ಅರಕೆರೆ ಕಡೆ ಯಾರೂ ಕೇಳಿರಲಿಲ್ಲ. ದೊಡ್ಡತಾಯಮ್ಮ, "ಅಷ್ಟ್ ಸಾಕು ಬುಡು," ಎಂದು ಹೇಳಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ಒಲೆಗೆ ಹಾಕಲು ಒಂದು ಹೊರೆ ಸಿಪ್ಪೆ ಎತ್ತಿಕೊಂಡಳು.